ಕೈಚಳಕ ತೋರಿಸುವಾಗ ಎದುರಿನವರು ಕೈಯನ್ನೇ ಹಿಡಿದುಕೊಂಡರೆ?

ಮಂಡ್ಯದ ಜೋಕರ್:
ಎಲ್ಲರಿಗೂ ನಮಸ್ಕಾರ. ಊರು ಮಂಡ್ಯ, ಕೆಲಸ ಮೈಸೂರಿನಲ್ಲಿ. ಇಸ್ಪೀಟು ಎಲೆ, ನಾಣ್ಯ, ರಬ್ಬರ್ ಬ್ಯಾಂಡ್ ಇಟ್ಟುಕೊಂಡು ಎದುರಿಗೇ ಕುಳಿತವರಿಗೆ ಜಾದು ಮಾಡಿ ತೋರಿಸುವ ಹುಚ್ಚು ಹಿಡಿದು ಕೆಲವು ವರ್ಷಗಳಾದವು. ವೇದಿಕೆ, ಪೆಟ್ಟಿಗೆ, ಪಾರಿವಾಳ ಯಾವುದೂ ಇಲ್ಲ. ಒಂದು ಮೊಳ ದೂರದಲ್ಲಿ ಕುಳಿತವರ ಕಣ್ಣೆದುರು ಮಾಡುವಂಥದ್ದು.

ಕನ್ನಡಿಯ ಮುಂದೆ ಎಲ್ಲವೂ ಸರಾಗ. ಜನರ ಮುಂದೆ ಕಥೆಯೇ ಬೇರೆ. ವಿಡಿಯೊಗಳಲ್ಲಿ ನಾಣ್ಯ ಮಾಯವಾದ ಕೂಡಲೇ ನೋಡುವವರು ಬಾಯಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿಯುತ್ತಾರೆ. ನಮ್ಮವರು ಮುಂದೆ ಬರುತ್ತಾರೆ! ಕಳೆದ ತಿಂಗಳು ಒಂದು ಗೃಹಪ್ರವೇಶದಲ್ಲಿ ನನ್ನ ಸೋದರಮಾವ ನಾಣ್ಯ ಮಾಯವಾಗುವುದಕ್ಕೂ ಮೊದಲೇ ಮಣಿಕಟ್ಟು ಹಿಡಿದು "ಈ ಕೈ ಇರಲಿ, ಆ ಕೈ ಬಿಚ್ಚು" ಎಂದರು. ಪಕ್ಕದಲ್ಲಿ ಇನ್ನೊಬ್ಬರು "ಇದೆಲ್ಲ ಯೂಟ್ಯೂಬ್‌ನಲ್ಲಿದೆ ಬಿಡಪ್ಪ" ಎಂದರು. ಒಳಗಿನಿಂದ ಬಂದ ಅತ್ತೆ, ಹೊಸ ಮನೆಗೆ ಮೊದಲ ದಿನವೇ ಇಸ್ಪೀಟು ತಂದವನು ಯಾರು ಎಂದು ಗದರಿದರು. ಚೆನ್ನಾಗಿ ನಡೆದ ಒಂದೇ ಒಂದು ಆಟಕ್ಕೆ "ಇನ್ನೊಂದು ಸಲ ಮಾಡು, ಈ ಸಲ ಕಂಡುಹಿಡಿಯುತ್ತೇನೆ" ಎಂಬ ಬಹುಮಾನ ಬಂತು.

ಅನುಭವಸ್ಥರು ಹೇಳಿ. ಕೈ ಹಿಡಿಯುವವರನ್ನು ಏನು ಮಾಡುತ್ತೀರಿ? ನಮ್ಮ ಕಡೆಯ ಮನೆಗಳಲ್ಲಿ ಎಲೆಗಳ ಆಟ ನಡೆಯುವುದೇ ಇಲ್ಲವೇ?

ತರಲೆ ತಮ್ಮಯ್ಯ:
ಕೈ ಹಿಡಿಯುವ ಸೋದರಮಾವ ಇಲ್ಲದ ಮನೆ ಮಂಡ್ಯ ಜಿಲ್ಲೆಯಲ್ಲಿ ಇದ್ದರೆ ವಿಳಾಸ ಕೊಡಿ, ನಾನೂ ಅಲ್ಲಿಯೇ ಪ್ರದರ್ಶನ ಇಟ್ಟುಕೊಳ್ಳುತ್ತೇನೆ.

ದೊಡ್ಡ ಗಡಿಯಾರ:
ಜೋಕರ್ ಅವರೇ, ಮಾವನವರನ್ನು ಬೈಯಬೇಡಿ. ಅವರು ಯಾವ ಕ್ಷಣದಲ್ಲಿ ಕೈ ಹಿಡಿದರು ಎಂಬುದನ್ನು ನೆನಪಿಸಿಕೊಳ್ಳಿ. ನಿಮ್ಮ ಆಟ ಎಲ್ಲಿ ಸಡಿಲವಾಗಿದೆ ಎಂದು ಅವರು ಪುಕ್ಕಟೆಯಾಗಿ ತೋರಿಸಿಕೊಟ್ಟಿದ್ದಾರೆ.

ನಾನು ಊಹಿಸುವುದು ಹೀಗೆ. ಬಲಗೈಯ ನಾಣ್ಯವನ್ನು ಎಡಗೈಗೆ ಹಾಕಿದಂತೆ ಮಾಡಿದಿರಿ. ಎಡಮುಷ್ಟಿಯನ್ನು ಮುಂದೆ ಚಾಚಿದಿರಿ. ಬಲಗೈ ಸುಮ್ಮನೆ ಪಕ್ಕದಲ್ಲಿ ನೇತಾಡುತ್ತಿತ್ತು. ಈಗ ನೀವೇ ನೋಡುವವರ ಜಾಗದಲ್ಲಿ ಕುಳಿತು ಯೋಚಿಸಿ. ಯಾವ ಕಾರಣವೂ ಇಲ್ಲದೆ ನಾಣ್ಯವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಯಾರು ವರ್ಗಾಯಿಸುತ್ತಾರೆ? ಅಂಗಡಿಯಲ್ಲಿ ಚಿಲ್ಲರೆ ಹಿಡಿದು ನಿಂತಾಗ ಬಲಗೈಯಿಂದ ಎಡಗೈಗೆ ಹಾಕುವುದು ಯಾವಾಗ? ಬಲಗೈಗೆ ಬೇರೆ ಕೆಲಸ ಬಂದಾಗ. ಜೇಬಿನಿಂದ ಪೆನ್ನು ತೆಗೆಯಬೇಕು, ಲೋಟ ಸರಿಸಬೇಕು, ಅಂಗಿಯ ತೋಳು ಮೇಲಕ್ಕೆ ಎಳೆಯಬೇಕು. ಆ ಕೆಲಸವನ್ನು ಮೊದಲು ಹುಟ್ಟಿಸಿ. ಆಮೇಲೆ ನಾಣ್ಯ ಎಡಗೈಗೆ ಹೋದಂತೆ ಮಾಡಿದರೆ ಅದನ್ನು ಯಾರೂ ಒಂದು ಘಟನೆಯೆಂದೇ ಗಮನಿಸುವುದಿಲ್ಲ. ಪೆನ್ನಿಗೆಂದು ಜೇಬಿಗೆ ಹೋದ ಬಲಗೈ ನಾಣ್ಯವನ್ನು ಅಲ್ಲಿಯೇ ಬಿಟ್ಟು ಬಂದರೆ ಮಾವನವರು ಎರಡೂ ಕೈಗಳನ್ನು ಹಿಡಿದುಕೊಳ್ಳಲಿ, ಬೇಕಾದರೆ ಹಸ್ತರೇಖೆಯನ್ನೂ ನೋಡಲಿ.

ಎರಡನೆಯದು ಮಾತು. "ಸರಿಯಾಗಿ ನೋಡಿ, ನಾಣ್ಯ ಎಲ್ಲಿದೆ?" ಎಂದು ಕೇಳಿದರೆ ಅದು ಪಂಥಾಹ್ವಾನ. ನೀವು ಪರೀಕ್ಷೆಗೆ ಕೂರಿಸಿದಿರಿ, ಅವರು ಉತ್ತರ ಬರೆದರು. ತಪ್ಪು ಯಾರದು?

ತರಲೆ ತಮ್ಮಯ್ಯ:
ಗಡಿಯಾರದವರು ಎಲ್ಲವನ್ನೂ ಆಡುವವನ ತಲೆಗೇ ಕಟ್ಟುತ್ತಾರೆ. ಕೆಲವರಿಗೆ ಸೌಜನ್ಯ ಎನ್ನುವುದೇ ಇರುವುದಿಲ್ಲ ಸ್ವಾಮಿ. ಸಂಗೀತ ಕಚೇರಿಯಲ್ಲಿ ಯಾರಾದರೂ ಎದ್ದು ಹೋಗಿ ಪಿಟೀಲಿನ ತಂತಿ ಹಿಡಿದುಕೊಳ್ಳುತ್ತಾರೆಯೇ? ಜಾದುಗಾರನ ಕೈ ಮಾತ್ರ ಸಾರ್ವಜನಿಕ ಆಸ್ತಿ.

ದೊಡ್ಡ ಗಡಿಯಾರ:
ಪಿಟೀಲಿನವನು "ನಾನು ಯಾವ ಸ್ವರ ಬಚ್ಚಿಟ್ಟಿದ್ದೇನೆ, ಕಂಡುಹಿಡಿಯಿರಿ" ಎಂದು ಹೇಳುವುದಿಲ್ಲ. ಹೇಳಿದರೆ ತಂತಿಗೂ ಕೈ ಹಾಕುತ್ತಾರೆ.

ಪಂಕ್ತಿ ಭೋಜನ:
ಮದುವೆ ಮನೆಗಳಲ್ಲಿ ಮಾಡುವವನು ನಾನು, ಹೆಚ್ಚಾಗಿ ಮೈಸೂರು ಮತ್ತು ಶ್ರೀರಂಗಪಟ್ಟಣದ ಕಡೆ. ಒಂದು ವಿಷಯ ಹೇಳುತ್ತೇನೆ, ಇದು ಯಾವ ಪುಸ್ತಕದಲ್ಲಿಯೂ ನನಗೆ ಸಿಗಲಿಲ್ಲ. ಹೊರದೇಶದವರು ಹೋಟೆಲಿನಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಮಾಡುವ ಕ್ರಮವನ್ನು ವಿವರಿಸುತ್ತಾರೆ. ಅದನ್ನು ನಮ್ಮ ಕಲ್ಯಾಣ ಮಂಟಪದ ಊಟದ ಮನೆಗೆ ತಂದು ನೋಡಿ. ತಿನ್ನುವವರ ಬಲಗೈ ಪೂರ್ತಿ ಸಾರು. ಎಲೆಯ ಪಕ್ಕದಲ್ಲಿ ನೀರು ಚೆಲ್ಲಿರುತ್ತದೆ. ಮುಂದಿನ ಪಂಕ್ತಿಗೆ ಕಾಯುವವರು ಕುರ್ಚಿಯ ಬೆನ್ನು ಹಿಡಿದು ಹಿಂದೆಯೇ ನಿಂತಿರುತ್ತಾರೆ. ಬಡಿಸುವವರು ಬಕೆಟ್ ಹಿಡಿದು "ಸರಿಯಪ್ಪ, ಸರಿ" ಎನ್ನುತ್ತಾರೆ. ಅಲ್ಲಿ "ಒಂದು ಎಲೆ ತೆಗೆಯಿರಿ" ಎಂದರೆ ಬಾಳೆಯೆಲೆ ತೆಗೆದಾರು.

ನಮ್ಮಲ್ಲಿ ಸರಿಯಾದ ಜಾಗವೆಂದರೆ ಆರತಕ್ಷತೆಯ ಸಾಲು. ಉಡುಗೊರೆ ಹಿಡಿದುಕೊಂಡು, ವಧೂವರರ ಹತ್ತಿರ ಹೋಗಲು ಅರ್ಧ ಗಂಟೆ ನಿಂತಿರುವ ಜನ. ಮಾಡಲು ಬೇರೆ ಕೆಲಸವಿಲ್ಲ, ಎಲ್ಲಿಗೂ ಹೋಗುವಂತಿಲ್ಲ. ಒಂದು ಕೈಯಲ್ಲಿ ಲಕೋಟೆ ಅಥವಾ ಹೂಗುಚ್ಛ ಇರುವುದರಿಂದ ನಿಮ್ಮ ಕೈ ಹಿಡಿಯಲು ಅವರಿಗೆ ಕೈ ಸಾಲದು! ಸಾಲು ಮುಂದೆ ಸರಿಯುತ್ತಲೇ ಇರುವುದರಿಂದ "ಇನ್ನೊಂದು ಸಲ" ಎನ್ನುವವನು ಹೇಳಿ ಮುಗಿಸುವ ಹೊತ್ತಿಗೆ ವೇದಿಕೆಯ ಮೆಟ್ಟಿಲ ಮೇಲಿರುತ್ತಾನೆ. ಒಂದು ನಿಮಿಷದ ಆಟಗಳು ಸಾಕು.

ಕಷ್ಟವೂ ಇದೆ. ವಾದ್ಯಗೋಷ್ಠಿಯ ಧ್ವನಿವರ್ಧಕದ ಮುಂದೆ ಮಾತು ಕೇಳಿಸುವುದಿಲ್ಲ, ಹಾಗಾಗಿ ಕಥೆ ಹೇಳುತ್ತ ಮಾಡುವ ಆಟಗಳು ದಂಡ. ವಿಡಿಯೊದವರ ದೀಪ ಯಾವ ಕಡೆಯಿಂದ ಬರುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಂಗೈಯಲ್ಲಿ ಅಡಗಿಸಿದ ನಾಣ್ಯ ಆ ಬೆಳಕಿಗೆ ಬೆರಳ ಸಂದಿಯಿಂದ ಮಿಂಚುತ್ತದೆ. ಸ್ಪಂಜಿನ ಉಂಡೆಯೇ ಕ್ಷೇಮ. ಅವರ ಮುಷ್ಟಿಯೊಳಗೆ ಒಂದು ಎರಡಾಗುವ ಆಟ ಎಂದೂ ಕೈಕೊಟ್ಟಿಲ್ಲ, ಏಕೆಂದರೆ ಅಲ್ಲಿ ಹಿಡಿದುಕೊಳ್ಳುವವರು ಅವರೇ.

ಹೊಸಬ:
ಸಾಲಿನಲ್ಲಿ ಮಾಡುವ ಉಪಾಯ ಬಹಳ ಹಿಡಿಸಿತು ಅಣ್ಣ. ವಧೂವರರಿಗಿಂತ ನಿಮಗೇ ಹೆಚ್ಚು ಲಕೋಟೆ ಬರುವುದಿಲ್ಲವೇ?

ಪಂಕ್ತಿ ಭೋಜನ:
ಒಬ್ಬ ಅಜ್ಜಿ ಕೊಟ್ಟಿದ್ದರು. ಹಿಂದಿರುಗಿಸಿದೆ. ಅದನ್ನು ಯಾರೂ ನಂಬುವುದಿಲ್ಲ.

ಕಳಾವರ ರಾಣಿ:
ನಾನು ಮಂಡ್ಯದ ಹತ್ತಿರ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಣಿತದ ಪಾಠಕ್ಕೆ ಎಲೆ, ರಬ್ಬರ್ ಬ್ಯಾಂಡ್, ಹುಣಿಸೆ ಬೀಜ ಎಲ್ಲವನ್ನೂ ಬಳಸುತ್ತೇನೆ. ದೊಡ್ಡವರು ಕೈ ಹಿಡಿಯುತ್ತಾರೆ ಎಂದು ಕೊರಗುವವರು ಎರಡನೆಯ ತರಗತಿಗೆ ಬನ್ನಿ.

ಚಿಕ್ಕ ಮಕ್ಕಳನ್ನು ಮರುಳು ಮಾಡುವುದು ಸುಲಭ ಎಂದು ಬಹಳ ಜನ ಭಾವಿಸಿದ್ದಾರೆ. ವಾಸ್ತವದಲ್ಲಿ ಉಲ್ಟಾ. ದೊಡ್ಡವರು ನೀವು ಎತ್ತ ನೋಡುತ್ತೀರೋ ಅತ್ತ ನೋಡುತ್ತಾರೆ, ಪ್ರಶ್ನೆ ಕೇಳಿದರೆ ಮುಖ ನೋಡಿ ಉತ್ತರಿಸುತ್ತಾರೆ. ಆ ಅರ್ಧ ಕ್ಷಣದಲ್ಲಿ ನಿಮ್ಮ ಕೆಲಸ ಮುಗಿದಿರುತ್ತದೆ. ಮಗು ಉತ್ತರ ಹೇಳುತ್ತಲೇ ಕೈಯನ್ನು ನೋಡುತ್ತಿರುತ್ತದೆ. ನೆಲದ ಮೇಲೆ ಕುಳಿತವರಿಗೆ ನಿಮ್ಮ ಅಂಗೈಯ ಕೆಳಭಾಗವೇ ಕಾಣುತ್ತದೆ, ಅದೂ ಒಂದು. ನಿಂತು ಮಾಡುವ ಅರ್ಧದಷ್ಟು ಆಟಗಳನ್ನು ಈ ಒಂದೇ ಕಾರಣಕ್ಕೆ ಕೈಬಿಟ್ಟೆ.

ನಾನು ಕಂಡುಕೊಂಡ ದಾರಿ, ಅತಿ ತುಂಟ ಮಗುವನ್ನೇ ಸಹಾಯಕನನ್ನಾಗಿ ಮಾಡುವುದು. ಎಲೆಯ ಕಟ್ಟನ್ನು ಅವನ ಅಂಗೈಗಳ ನಡುವೆ ಇಟ್ಟು "ಗಟ್ಟಿಯಾಗಿ ಹಿಡಿದುಕೋ, ಯಾರಿಗೂ ಮುಟ್ಟಲು ಬಿಡಬೇಡ" ಎಂದರೆ ಉಳಿದವರನ್ನು ಅವನೇ ದೂರ ತಳ್ಳುತ್ತಾನೆ. ಜೋಕರ್ ಅವರ ಸೋದರಮಾವನವರಿಗೂ ಇದೇ ಔಷಧಿ.

ಇನ್ನೊಂದು. ಎರಡು ರಬ್ಬರ್ ಬ್ಯಾಂಡುಗಳು ಒಂದರೊಳಗಿಂದ ಒಂದು ಹಾದುಹೋಗುವ ಆಟ ಮಾಡಿದ ಮರುದಿನ ಒಬ್ಬ ಹುಡುಗ ಬಂದು "ಮಿಸ್, ನನಗೆ ಗೊತ್ತಾಯಿತು" ಎಂದು ತನ್ನದೇ ರೀತಿಯಲ್ಲಿ ಮಾಡಿ ತೋರಿಸಿದ. ನನ್ನ ವಿಧಾನವೇ ಅದಲ್ಲ. ಆದರೆ ಅವನ ಬೆರಳು ಜಾರುವ ಜಾಗ ನನ್ನದಕ್ಕಿಂತ ಚೊಕ್ಕಟವಾಗಿತ್ತು. ಈಗ ನಾನು ಅವನ ವಿಧಾನವನ್ನೇ ಬಳಸುತ್ತೇನೆ, ಅವನಿಗೆ ಹೇಳಿಯೇ.

ತರಲೆ ತಮ್ಮಯ್ಯ:
ಮಿಸ್, ಅವನಿಗೆ ಎಷ್ಟು ಅಂಕ ಕೊಟ್ಟಿರಿ?

ಚಾಮುಂಡಿ ಎಕ್ಸ್‌ಪ್ರೆಸ್:
ಇಸ್ಪೀಟಿನ ಬಗ್ಗೆ ಹೇಳುತ್ತೇನೆ. ಮಂಡ್ಯದಿಂದ ಬೆಂಗಳೂರಿಗೆ ದಿನನಿತ್ಯ ರೈಲಿನಲ್ಲಿ ಓಡಾಡುವವನು. ನಮ್ಮ ಬೋಗಿಯಲ್ಲಿ ಮದ್ದೂರು ಬರುವುದರೊಳಗೆ ತೊಡೆಗಳ ಮೇಲೆ ಪೆಟ್ಟಿಗೆಯೋ ಪತ್ರಿಕೆಯೋ ಹಾಸಿ ರಮ್ಮಿ ಶುರುವಾಗುತ್ತದೆ. ಎಲೆ ಅಲ್ಲಿ ಯಾರಿಗೂ ಅಪಶಕುನವಲ್ಲ. ಆದರೆ ಅಲ್ಲಿ ಬೇರೆಯದೇ ಕಷ್ಟ. ಇವರು ವರ್ಷಗಟ್ಟಲೆ ಎಲೆ ಹಿಡಿದ ಕೈಗಳು. ನೀವು ಕಟ್ಟನ್ನು ಹಿಡಿಯುವ ರೀತಿ ನೋಡಿಯೇ "ಇವನು ಏನೋ ಮಾಡುತ್ತಿದ್ದಾನೆ" ಎಂದು ತಿಳಿದುಬಿಡುತ್ತಾರೆ. ಬೇಕಾದ ಎಲೆಯ ಜಾಗ ತಪ್ಪದಂತೆ ಕಿರುಬೆರಳು ಕಟ್ಟಿನ ಮೂಲೆಯಲ್ಲಿ ಸಂದು ಹಿಡಿದಿದ್ದರೆ ಎದುರಿನ ಸೀಟಿನ ಹಿರಿಯರು ಸನ್ನೆ ಮಾಡಿ ನಗುತ್ತಾರೆ.

ಒಮ್ಮೆ ಎಕ್ಕಗಳನ್ನು ಮೇಲೆ ತರುವ ಆಟ ಮಾಡಿದೆ. ಎಲ್ಲರೂ ಮೆಚ್ಚಿದರು. ಅಂದಿನಿಂದ ರಮ್ಮಿಗೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಶಿವರಾತ್ರಿಯ ಜಾಗರಣೆಗೆ ಮನೆಯಲ್ಲಿ ಎಲ್ಲರೂ ಆಡುವಾಗಲೂ ನಾನು ಕಾಫಿ ಸರಬರಾಜಿನ ಖಾತೆ. ಎಲೆಯ ಜಾದು ಕಲಿಯುವವರು ಈ ನಷ್ಟವನ್ನೂ ಲೆಕ್ಕ ಹಾಕಿಕೊಳ್ಳಿ.

ಅಗ್ರಹಾರದ ತಾತ:
ಮಕ್ಕಳಿರಾ, ನೀವು ಹೇಳುವ ಸಮಸ್ಯೆಗಳಿಗೆ ನಮ್ಮ ಬೀದಿ ಗಾರುಡಿಗರು ಎಂದೋ ಪರಿಹಾರ ಕಂಡುಕೊಂಡಿದ್ದರು. ನಾನು ಹುಡುಗನಾಗಿದ್ದಾಗ ದಸರಾ ವಸ್ತುಪ್ರದರ್ಶನದ ಹೊರಗೆ ಅವರನ್ನು ಕಂಡಿದ್ದೇನೆ. ನೆಲದ ಮೇಲೆ ಒಂದು ಬಟ್ಟೆ, ಪಕ್ಕದಲ್ಲಿ ಜೋಳಿಗೆ, ಉಂಡೆಗಳನ್ನು ಮಾಯ ಮಾಡಲು ಮೂರು ಬಟ್ಟಲು. ಆ ಬಟ್ಟಲುಗಳ ತಲೆಯ ಮೇಲೆ ಗುಬುಟು ಇರುತ್ತದೆ, ಅದನ್ನು ಬೆರಳ ಸಂದಿಯಲ್ಲಿ ಹಿಡಿದು ಎತ್ತುತ್ತಾರೆ. ವಿದೇಶಿ ಬಟ್ಟಲಿಗೆ ಅದು ಇಲ್ಲ, ಬಾಯಿಯ ಅಂಚು ಹಿಡಿದೋ ಮೈ ಹಿಡಿದೋ ಎತ್ತಬೇಕು. ಅಂಗೈ ಪೂರ್ತಿ ಬಿಡುವಾಗಿದ್ದು ಉಂಡೆಯನ್ನು ಜಾರಿಸುವುದು ಗುಬುಟಿನಿಂದ ಎಷ್ಟು ಸಲೀಸು ಎನ್ನುವುದನ್ನು ಮಾಡಿದವರೇ ಬಲ್ಲರು.

ಜನ ಸುತ್ತ ನಿಂತರೆ? ಅವನು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಕೈ ಹಿಡಿಯಲು ಬಂದರೆ? ಪ್ರತಿ ಎರಡು ಮಾತಿಗೊಮ್ಮೆ "ಎಲ್ಲರೂ ಚಪ್ಪಾಳೆ ತಟ್ಟಿ" ಎನ್ನುತ್ತಿದ್ದ. "ಯಾರೂ ಕೈ ಕಟ್ಟಿಕೊಳ್ಳಬೇಡಿ, ಕಟ್ಟಿದರೆ ವಿದ್ಯೆ ನಡೆಯುವುದಿಲ್ಲ" ಎಂದು ಹೆದರಿಸುತ್ತಿದ್ದ. ನಾವು ಅದನ್ನು ಮಂತ್ರತಂತ್ರದ ಮಾತು ಎಂದುಕೊಂಡೆವು. ಈಗ ಯೋಚಿಸಿದರೆ, ನೂರು ಜನರ ಇನ್ನೂರು ಕೈಗಳಿಗೆ ಅವನು ಕೆಲಸ ಹಚ್ಚಿದ್ದ.

ಇನ್ನು ಕೂರುವ ವಿಚಾರ. ಪ್ಯಾಂಟು ಹಾಕಿ ನಿಂತು ಮಾಡುವ ಬದಲು ಪಂಚೆ ಉಟ್ಟು ಚಕ್ಕಳಮಕ್ಕಳ ಕುಳಿತು ಮಾಡಿ ನೋಡಿ. ಮಡಿಲಲ್ಲಿ ಒಂದು ತೆಂಗಿನಕಾಯಿ ಬಚ್ಚಿಟ್ಟರೂ ಗೊತ್ತಾಗುವುದಿಲ್ಲ.

ದೊಡ್ಡ ಗಡಿಯಾರ:
ತಾತನವರು ಹೇಳಿದ ಮಡಿಲಿನ ಉಪಾಯಕ್ಕೆ ಹೊರಗೆ ದೊಡ್ಡ ಶಾಸ್ತ್ರವೇ ಇದೆ. ಮೇಜಿನ ಹಿಂದೆ ಕುಳಿತು ವಸ್ತುವನ್ನು ಮಡಿಲಿಗೆ ಬೀಳಿಸುವುದರಲ್ಲಿ ಸ್ಲೈಡಿನಿ ಎಂಬಾತ ಹೆಸರು ಮಾಡಿದ್ದ. ಅವನ ಹೆಚ್ಚುಗಾರಿಕೆ ಬೀಳಿಸುವುದರಲ್ಲಿ ಇರಲಿಲ್ಲ; ಯಾವಾಗ ಮುಂದೆ ಬಾಗಬೇಕು, ಯಾವಾಗ ಒರಗಬೇಕು ಎನ್ನುವುದರಲ್ಲಿತ್ತು. ನೀವು ಮುಂದೆ ಬಾಗಿದರೆ ಎದುರಿನವರೂ ಬಿಗಿಯಾಗುತ್ತಾರೆ. ನೀವು ಒರಗಿದರೆ ಅವರೂ ಉಸಿರು ಬಿಡುತ್ತಾರೆ. ಕೆಲಸ ಆಗಬೇಕಾದದ್ದು ಆಗ.

ನೋಟದ ಬಗ್ಗೆ ಶಿಕ್ಷಕಿಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಸಂಶೋಧಕರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚೆಂಡನ್ನು ಎರಡು ಸಲ ಮೇಲೆ ಎಸೆದು ಹಿಡಿದು, ಮೂರನೆಯ ಸಲ ಎಸೆದಂತೆ ನಟಿಸುವುದು. ಜಾದುಗಾರನ ಕಣ್ಣೂ ಚೆಂಡು ಹೋದಂತೆ ಮೇಲೆ ಹೋದಾಗ ಸುಮಾರು ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋಗಿ ಮಾಯವಾದದ್ದನ್ನು ಕಂಡೆವು ಎಂದರು. ಅವನು ಕೈಯನ್ನೇ ನೋಡುತ್ತಿದ್ದಾಗ ಆ ಪಾಲು ಅರ್ಧದಷ್ಟಾಯಿತು. ಜೋಕರ್ ಅವರೇ, ನಾಣ್ಯ ಇಲ್ಲದ ಮುಷ್ಟಿಯನ್ನು ನೀವೇ ನಂಬಿ ನೋಡುತ್ತಿದ್ದೀರಾ, ಅಥವಾ ಮಾವನವರ ಮುಖವನ್ನು ಕದ್ದು ನೋಡುತ್ತಿದ್ದೀರಾ?

ಪ್ರಶ್ನೆಗಾರ:
ಇಷ್ಟೆಲ್ಲ ಚರ್ಚೆಯಲ್ಲಿ ಒಂದು ಮಾತು ಯಾರೂ ಎತ್ತಲಿಲ್ಲ. ಆಟ ಮುಗಿದ ಮೇಲೆ ಇದು ಕೈಚಳಕ ಎಂದು ಹೇಳುತ್ತೀರೋ ಇಲ್ಲವೋ? ನಮ್ಮ ಪರಿಚಿತರೊಬ್ಬರು ಬಟ್ಟಲಿನ ಆಟದ ಕೊನೆಗೆ ನಿಂಬೆಹಣ್ಣು ಬರುವಂತೆ ಮಾಡುತ್ತಿದ್ದರು. ಪುಸ್ತಕದಲ್ಲಿ ಹಾಗೆ ಇದೆ, ವಿದೇಶದಲ್ಲಿ ಜನ ಚಪ್ಪಾಳೆ ತಟ್ಟುತ್ತಾರೆ. ನಂಜನಗೂಡಿನ ಕಡೆಯ ಒಂದು ಹಳ್ಳಿಯಲ್ಲಿ ಬಟ್ಟಲು ಎತ್ತಿದಾಗ ಮೂರು ನಿಂಬೆಹಣ್ಣು, ಅದರಲ್ಲೊಂದಕ್ಕೆ ಯಾರದೋ ಹಣೆಯ ಕುಂಕುಮ ಬೇರೆ ತಗುಲಿತ್ತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಹೋದರು. ಒಬ್ಬರಂತೂ ಯಾರಿಗೆ ಮಾಡಿಸಿದ್ದು ಎಂದೇ ಕೇಳಿದರು.

ಕರ್ನಾಟಕದಲ್ಲಿ ಇದು ಸಣ್ಣ ವಿಷಯವಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನೇ ರಚಿಸಿದ್ದರು. ಹುಲಿಕಲ್ ನಟರಾಜ್ ಅವರು ಊರೂರಿಗೆ ಹೋಗಿ ಬೂದಿ ಸೃಷ್ಟಿಸುವುದು ಹೇಗೆಂದು ಬಿಡಿಸಿ ತೋರಿಸುತ್ತಾರೆ. ನೀವು ಅದೇ ಕೈಚಳಕವನ್ನು ಮಾಡಿ ಮುಗುಳ್ನಕ್ಕು ಎದ್ದು ಹೋದರೆ ಅವರ ಕೆಲಸವನ್ನು ಹಾಳು ಮಾಡಿದಂತೆ.

ಪಂಕ್ತಿ ಭೋಜನ:
ಒಪ್ಪುತ್ತೇನೆ, ಪೂರ್ತಿ ಅಲ್ಲ. ನಾನು ಕೈಚಳಕದವನು ಎಂದು ಮೊದಲೇ ಹೇಳಿಯೇ ಶುರು ಮಾಡುತ್ತೇನೆ. ಆದರೂ ಪ್ರತಿ ಮದುವೆಯಲ್ಲಿ ಒಬ್ಬರಾದರೂ ಪಕ್ಕಕ್ಕೆ ಕರೆದು ಕಳೆದುಹೋದ ಸರ ಎಲ್ಲಿದೆ ಎಂದು ಕೇಳುತ್ತಾರೆ. ಮನಸ್ಸು ಓದುವ ಆಟಗಳನ್ನು ಮಾಡಿದ ದಿನ ಇದು ಇನ್ನೂ ಹೆಚ್ಚು. ಅದಕ್ಕೇ ಮನಸ್ಸು ಓದುವ ಆಟಗಳನ್ನು ಬಿಟ್ಟುಬಿಟ್ಟೆ. ಆದರೆ ಪ್ರತಿಯೊಂದರ ಗುಟ್ಟನ್ನೂ ಬಿಡಿಸಿಡಬೇಕು ಎನ್ನುವುದಾದರೆ ನನ್ನ ಹೊಟ್ಟೆಪಾಡು?

ಪ್ರಶ್ನೆಗಾರ:
ಗುಟ್ಟು ಹೇಳಿ ಎಂದಿಲ್ಲ. ಗುಟ್ಟು ಇದೆ ಎಂದು ಹೇಳಿ ಎಂದೆ.

ತರಲೆ ತಮ್ಮಯ್ಯ:
ನಿಂಬೆಹಣ್ಣಿನ ಆಟಕ್ಕೆ 2017ರ ಮಾಟಮಂತ್ರದ ಕಾಯ್ದೆ ಅನ್ವಯವಾಗುತ್ತದೆಯೇ? ಕೇಳಿ ಇಟ್ಟುಕೊಂಡಿರಬೇಕು.

ಪ್ರಶ್ನೆಗಾರ:
ಆ ಕಾಯ್ದೆ ಅಮಾನವೀಯ ಆಚರಣೆಗಳ ವಿರುದ್ಧ, ಜಾದು ಪ್ರದರ್ಶನದ ವಿರುದ್ಧವಲ್ಲ. ತಮಾಷೆಗೂ ಹಾಗೆ ಬೆರೆಸಬೇಡಿ.

ಕಳಾವರ ರಾಣಿ:
ನಿಂಬೆಹಣ್ಣಿನ ಬದಲು ಆಲೂಗೆಡ್ಡೆ ಇಡಿ. ಆಲೂಗೆಡ್ಡೆಗೆ ಯಾರೂ ಹೆದರಿದ್ದನ್ನು ನಾನು ಕಂಡಿಲ್ಲ, ಮತ್ತು ಮಕ್ಕಳಿಗೆ ನಗು ಬರುತ್ತದೆ.

ಗಂಜೀಫ ಪ್ರೇಮಿ:
ಮನೆಯಲ್ಲಿ ಇಸ್ಪೀಟು ಬೇಡ ಎನ್ನುವ ಅತ್ತೆಯರಿಗೆ ನಮ್ಮ ಹಳೆಯ ಕಾಲದ ಚಿತ್ರದ ಎಲೆಗಳಾದ ಗಂಜೀಫ ತೋರಿಸಿ. ದಶಾವತಾರ ಗಂಜೀಫದಲ್ಲಿ ಮತ್ಸ್ಯ, ಕೂರ್ಮ, ವರಾಹ ಎಲ್ಲರೂ ಇದ್ದಾರೆ, ಗದರುವ ಬದಲು ಕೈ ಮುಗಿದಾರು. ಮೈಸೂರಿನವರು ಮೈಸೂರಿನ ಎಲೆಯಲ್ಲಿಯೇ ಜಾದು ಮಾಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಎಷ್ಟೊಂದು ಬಗೆಯ ಗಂಜೀಫ ಆಟಗಳನ್ನು ವಿವರಿಸಿದ್ದಾರೆ!

ದೊಡ್ಡ ಗಡಿಯಾರ:
ಅಭಿಮಾನ ಸರಿ, ಕೈಗೆ ಹಿಡಿದು ನೋಡಿದ್ದೀರಾ? ಗಂಜೀಫ ಎಲೆ ದುಂಡಗಿದೆ. ಮೂಲೆಯೇ ಇಲ್ಲ. ನಮ್ಮ ಅರ್ಧ ವಿದ್ಯೆ ಎಲೆಯ ಮೂಲೆಯಲ್ಲಿದೆ. ಎರಡು ಎಲೆಗಳನ್ನು ಒಂದೇ ಎಂಬಂತೆ ಎತ್ತುವುದು, ಸಂದು ಹಿಡಿಯುವುದು, ಅಂಗೈಯಲ್ಲಿ ಅಡಗಿಸುವುದು ಎಲ್ಲದಕ್ಕೂ ಮೂಲೆ ಬೇಕು. ದಶಾವತಾರದ ಕಟ್ಟಿನಲ್ಲಿ 120 ಎಲೆ, ಮೊಗಲರ ಕಟ್ಟಿನಲ್ಲಿ 96. ಕೈಯಿಂದ ಬರೆದು ಅರಗು ಹಚ್ಚಿದ ದಪ್ಪ ಎಲೆಗಳು. ಕಲಸುವುದಕ್ಕೇ ಬಟ್ಟೆ ಹಾಸಿ ಹರಡಬೇಕು.

ಗಂಜೀಫ ಪ್ರೇಮಿ:
ದುಂಡಗಿದ್ದರೆ ಏನಂತೆ? ನಾಣ್ಯವೂ ದುಂಡಗಿದೆ. ಎಲೆಯ ವಿದ್ಯೆ ಬೇಡ, ನಾಣ್ಯದ ವಿದ್ಯೆ ಬಳಸಿ. ದುಂಡನೆಯ ಎಲೆಗೆ ತಲೆಕೆಳಗು ಎನ್ನುವುದೂ ಇಲ್ಲ, ಚಿತ್ರಕ್ಕೆ ಮಾತ್ರ ಇದೆ. ಒಂದೇ ಒಂದು ಎಲೆಯನ್ನು ತಿರುಗಿಸಿಟ್ಟು ಕಲಸಿದರೂ ಹುಡುಕಬಹುದು. ನಾನು ಶ್ರೀರಂಗಪಟ್ಟಣದಲ್ಲಿ ಕಲಾವಿದರು ಬರೆದ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿಯೇ ಹೇಳುತ್ತಿದ್ದೇನೆ.

ದೊಡ್ಡ ಗಡಿಯಾರ:
ನಾಣ್ಯದ ವಿದ್ಯೆ ಎಂಬ ಮಾತು ನನಗೆ ಹೊಳೆದಿರಲಿಲ್ಲ. ಯೋಚಿಸುತ್ತೇನೆ. ಆದರೆ ಅಷ್ಟು ಬೆಲೆಯ ಕೈಬರಹದ ಎಲೆಯನ್ನು ಸೋದರಮಾವನವರ ಬೆವರು ಕೈಗೆ ಕೊಡುವವರು ಯಾರು?

ಹೊಸಬ:
ನನ್ನದೊಂದು ಪ್ರಶ್ನೆ. "ಇನ್ನೊಂದು ಸಲ ಮಾಡು" ಎನ್ನುವವರಿಗೆ ಏನು ಹೇಳಬೇಕು? ಒಂದೇ ಆಟವನ್ನು ಎರಡು ಸಲ ಮಾಡಬಾರದು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ.

ಚಾಮುಂಡಿ ಎಕ್ಸ್‌ಪ್ರೆಸ್:
ಮದ್ದೂರು ಬಂತು, ವಡೆ ತಿನ್ನೋಣ ಎನ್ನಿ. ರೈಲಿನಲ್ಲಿ ಈ ಉತ್ತರ ಯಾವತ್ತೂ ಕೈಬಿಟ್ಟಿಲ್ಲ.

ದೊಡ್ಡ ಗಡಿಯಾರ:
ಪುಸ್ತಕದ ನಿಯಮ ಸರಿ, ಆದರೆ ಅರ್ಧ. 1922ರಲ್ಲಿ ಶಿಕಾಗೊದಲ್ಲಿ ನಡೆದದ್ದನ್ನು ಕೇಳಿ. ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆ ಎಂದು ಹೆಸರಾಂತ ಜಾದುಗಾರ ಹೂಡಿನಿ ಜಂಬ ಕೊಚ್ಚಿಕೊಳ್ಳುತ್ತಿದ್ದ. ಡಾಯ್ ವರ್ನನ್ ಎಂಬ ಯುವಕ ಹೂಡಿನಿಯ ಕೈಯಿಂದಲೇ ಒಂದು ಎಲೆಯ ಮೇಲೆ ಗುರುತು ಬರೆಸಿ, ಅದನ್ನು ಕಟ್ಟಿನಲ್ಲಿ ಮೇಲಿನಿಂದ ಎರಡನೆಯದಾಗಿ ಸೇರಿಸಿ, ಮತ್ತೆ ಎಲ್ಲಕ್ಕಿಂತ ಮೇಲೆ ತಂದು ತೋರಿಸಿದ. ಮತ್ತೊಮ್ಮೆ, ಮತ್ತೊಮ್ಮೆ. ಮೂರು ದಾಟಿತು, ಹೂಡಿನಿ ಬಾಯಿ ಬಿಡಲಿಲ್ಲ. ಹೂಡಿನಿಯನ್ನು ಮೋಸಗೊಳಿಸಿದವನು ಎಂಬ ಬಿರುದನ್ನು ವರ್ನನ್ 1992ರಲ್ಲಿ ತೀರಿಕೊಳ್ಳುವವರೆಗೂ ಹೊತ್ತಿದ್ದ.

ಪುನರಾವರ್ತನೆಯೇ ಆ ಆಟದ ಜೀವ. ಕೊನೆ ಹೇಗಾಗುತ್ತದೆ ಎಂದು ಗೊತ್ತಿದ್ದರೂ ಕಾಣಿಸುವುದಿಲ್ಲ ಎನ್ನುವುದೇ ಮಜಾ. ಹೊಸಬನೇ, ಇನ್ನೊಂದು ಸಲ ಎಂದರೆ ಮಾಡು. ಅದೇ ಫಲಿತಾಂಶ, ಬೇರೆ ದಾರಿ. ಆ ಎರಡನೆಯ ದಾರಿ ಗೊತ್ತಿಲ್ಲದಿದ್ದರೆ ಮಾತ್ರ ವಡೆ ತಿನ್ನು.

ತರಲೆ ತಮ್ಮಯ್ಯ:
ಹೂಡಿನಿ ಇರಲಿ, ನಮ್ಮ ಪಿ. ಸಿ. ಸೊರ್ಕಾರರನ್ನು ಯಾರೂ ನೆನೆಯಲಿಲ್ಲವಲ್ಲ. 1956ರಲ್ಲಿ ಬಿಬಿಸಿಯಲ್ಲಿ ಹುಡುಗಿಯನ್ನು ಗರಗಸದಲ್ಲಿ ಕೊಯ್ದಾಗ ಕಾರ್ಯಕ್ರಮ ಥಟ್ಟನೆ ಮುಗಿದು, ಹುಡುಗಿ ಸತ್ತೇ ಹೋದಳೆಂದು ಜನ ಗಾಬರಿಯಿಂದ ಫೋನ್ ಮಾಡಿದ್ದರಂತೆ.

ಅಗ್ರಹಾರದ ತಾತ:
ಅದು ವೇದಿಕೆಯ ಮಾಯಾಜಾಲ ತಮ್ಮಯ್ಯ. ಇಲ್ಲಿ ಮಾತಾಡುತ್ತಿರುವುದು ಅಂಗೈಯಗಲದ ಆಟ. ಹಾಗೆ ನೋಡಿದರೆ ಕೇರಳದ ವಾಳಕುನ್ನಂ ನಂಬೂದಿರಿ ಅವರನ್ನು ನೆನೆಯಬೇಕು. ಬಟ್ಟಲು ಮತ್ತು ಉಂಡೆಯ ಆಟಕ್ಕೆ ಅಲ್ಲಿ ಇಂದಿಗೂ ಅವರದೇ ಹೆಸರು.

ಮಂಡ್ಯದ ಜೋಕರ್:
ಎಲ್ಲರಿಗೂ ಧನ್ಯವಾದ. ಈ ಭಾನುವಾರ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದೆ, ಅದೇ ಮಾವ ಅಲ್ಲಿಯೂ ಇದ್ದರು. ಶಿಕ್ಷಕಿಯವರ ಔಷಧಿ ಹಾಕಿದೆ. ಎಲೆಯ ಕಟ್ಟನ್ನು ಅವರ ಎರಡು ಅಂಗೈಗಳ ನಡುವೆ ಇಟ್ಟು "ಮಾವ, ನೀವು ಇದ್ದರೇನೇ ಇದು ನಡೆಯುವುದು, ಯಾರಿಗೂ ಬಿಡಬೇಡಿ" ಎಂದೆ. ಅವರು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಆಟ ಮುಗಿದ ಮೇಲೂ ಕೊಡಲಿಲ್ಲ. ಆಟೀನಿನ ರಾಣಿ ಅವರ ಕೈಯೊಳಗೇ ಮೇಲೆ ಬಂದಿದ್ದಳು.

ನನಗೆ ಆಶ್ಚರ್ಯವಾದದ್ದು ಆಮೇಲೆ. ಊಟದ ಹೊತ್ತಿನಲ್ಲಿ ಅವರು ಬೇರೆಯವರಿಗೆ ಆಟವನ್ನು ವರ್ಣಿಸುತ್ತಿದ್ದರು: "ಎಲೆಯನ್ನು ನಾನೇ ಕಲಸಿದೆ, ಇವನು ಮುಟ್ಟಲೇ ಇಲ್ಲ." ಅವರು ಕಲಸಿಯೇ ಇರಲಿಲ್ಲ! ನಾನು ಕಲಸಿದ್ದು, ಅವರು ಕತ್ತರಿಸಿದ್ದು ಅಷ್ಟೇ. ಅವರ ವರ್ಣನೆಯಲ್ಲಿನ ಆಟವನ್ನು ಮಾಡಲು ನನಗಂತೂ ಬರುವುದಿಲ್ಲ.

ಪಂಕ್ತಿ ಭೋಜನ:
ತಿದ್ದಲಿಲ್ಲ ತಾನೇ? ಎಂದಿಗೂ ತಿದ್ದಬೇಡಿ. ಅವರ ಬಾಯಲ್ಲಿ ಆಟ ಬೆಳೆಯಲಿ. ಮುಂದಿನ ಸಲ ಮುಗಿಸುವ ಮೊದಲು ನೀವೇ ಒಮ್ಮೆ ಹೇಳಿ: ಕಟ್ಟು ನಿಮ್ಮ ಕೈಯಲ್ಲಿತ್ತು, ಕತ್ತರಿಸಿದ್ದು ನೀವು, ಎಲೆ ಆರಿಸಿದ್ದು ನೀವು. ಸುಳ್ಳು ಒಂದೂ ಇಲ್ಲ. ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ.

ಪ್ರಶ್ನೆಗಾರ:
ಪವಾಡಗಳೂ ಹೀಗೆಯೇ ಹುಟ್ಟುತ್ತವೆ ಎಂದು ಹೇಳಿದರೆ ಮತ್ತೆ ಜಗಳವಾಗುತ್ತದೆ. ಆದರೂ ಹೇಳಿಬಿಟ್ಟೆ.

ಮಂಡ್ಯದ ಜೋಕರ್:
ಈಗ ಹೊಸ ಸಮಸ್ಯೆ. ಮಾವ ದಿನವೂ ಫೋನ್ ಮಾಡಿ ಕಲಿಸಿಕೊಡು ಎನ್ನುತ್ತಿದ್ದಾರೆ.

ಕಳಾವರ ರಾಣಿ:
ಕಲಿಸಿ. ಆದರೆ ಆ ಆಟವನ್ನಲ್ಲ, ಬೇರೆಯದನ್ನು. ಲೆಕ್ಕದಿಂದ ತಾನಾಗಿಯೇ ಆಗುವ 21 ಎಲೆಗಳ ಆಟ ಇದೆಯಲ್ಲ, ಮೂರು ಸಾಲಾಗಿ ಹಂಚಿ, ಆರಿಸಿದ ಎಲೆಯಿರುವ ಸಾಲನ್ನು ಪ್ರತಿ ಸಲವೂ ನಡುವೆ ಇಟ್ಟು ಮೂರು ಸಲ ಮಾಡಿದರೆ 11ನೆಯದಾಗಿ ಬರುವುದು. ಕೈಚಳಕ ಬೇಡ. ಮನೆಯವರ ಮುಂದೆ ಒಮ್ಮೆ ಮಾಡಿ ತೋರಿಸಲಿ. ಆಗ ಅವರ ಕೈಯನ್ನು ಯಾರಾದರೂ ಹಿಡಿದುಕೊಳ್ಳುತ್ತಾರೆ, ನೋಡುತ್ತಿರಿ.

ಹೊಸಬ:
ನಾಣ್ಯದ ವಿಚಾರ ಅರ್ಧಕ್ಕೇ ನಿಂತಿತು. ಯಾವ ನಾಣ್ಯ ಬಳಸುತ್ತೀರಿ? ನನ್ನ ಕೈ ದೊಡ್ಡದು, ಹತ್ತು ರೂಪಾಯಿಯದು ಅಂಗೈಯಲ್ಲಿ ನಿಲ್ಲುವುದೇ ಇಲ್ಲ.

ಚಾಮುಂಡಿ ಎಕ್ಸ್‌ಪ್ರೆಸ್:
ಹತ್ತು ರೂಪಾಯಿ ನಾಣ್ಯವನ್ನು ನಮ್ಮೂರಿನ ಎಷ್ಟೋ ಅಂಗಡಿಯವರೇ ತೆಗೆದುಕೊಳ್ಳುವುದಿಲ್ಲ, ನಿಮ್ಮ ಅಂಗೈ ಹೇಗೆ ತೆಗೆದುಕೊಂಡೀತು?

ದೊಡ್ಡ ಗಡಿಯಾರ:
ಹತ್ತು ರೂಪಾಯಿಯದಕ್ಕೂ ಇಪ್ಪತ್ತರದಕ್ಕೂ 27 ಮಿಲಿಮೀಟರ್ ಅಗಲ. ಪುಸ್ತಕಗಳಲ್ಲಿ ಹೇಳುವ ಅಮೆರಿಕದ ಅರ್ಧ ಡಾಲರ್ 30.6. ಆ ಮೂರೂವರೆ ಮಿಲಿಮೀಟರ್ ದೊಡ್ಡ ಕೈಯವರಿಗೆ ಬಹಳ ವ್ಯತ್ಯಾಸ ಮಾಡುತ್ತದೆ. ಇಪ್ಪತ್ತರದು 12 ಮೂಲೆಯದು, ಅಂಗೈಯ ಮಾಂಸಕ್ಕೆ ಅಂಚು ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಆದರೆ ಬೆರಳುಗಳ ಮೇಲೆ ಉರುಳಿಸಲು ಎಡವುತ್ತದೆ.

ನಿಜವಾಗಿ ಹೇಳಿ ಮಾಡಿಸಿದ ನಾಣ್ಯ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ. ಅಗಲ ಅರ್ಧ ಡಾಲರಿನಷ್ಟೇ, ತೂಕ 11.66 ಗ್ರಾಂ, ಅಂಚಿಗೆ ಗೆರೆಗಳಿವೆ. 

ಹೊಸಬ:
ಅದು ನಮ್ಮ ಅಜ್ಜಿಯ ಲಕ್ಷ್ಮೀ ಪೂಜೆಯ ಡಬ್ಬಿಯಲ್ಲಿ ನಾಲ್ಕು ಇವೆ! ಕೇಳಿದರೆ ಕೊಡುತ್ತಾರೆಯೇ?

ಅಗ್ರಹಾರದ ತಾತ:
ಕೊಡುವುದಿಲ್ಲ. ಮೈಸೂರಿನ ಅಶೋಕ ರಸ್ತೆಯ ಬೆಳ್ಳಿ ಅಂಗಡಿಗಳಲ್ಲಿ ವಿಚಾರಿಸು. ಸವೆದದ್ದನ್ನು ಆರಿಸಿಕೋ, ಹೊಸದಕ್ಕಿಂತ ಅಗ್ಗ, ಮತ್ತು ತೀರಾ ಹೊಳೆಯುವುದಿಲ್ಲ. ಡಬ್ಬಿಯ ತಂಟೆಗೆ ಹೋಗಬೇಡ.

ತರಲೆ ತಮ್ಮಯ್ಯ:
ಮಾಯವಾದ ನಾಣ್ಯ ಮರಳಿ ಬರುತ್ತದೆ ಎಂದು ಅಜ್ಜಿಗೆ ವರಮಹಾಲಕ್ಷ್ಮಿ ವ್ರತದ ದಿನ ವಿವರಿಸುವ ಧೈರ್ಯ ಇದ್ದರೆ ಹೋಗಬಹುದು.